ಜೋಗೇಶ್ವರಿಯ ಮಳೆಗೆ ದೂರದ ಕಡಲಿನ ನಂಟು

ಮುಂಬೈಯ ಪಶ್ಚಿಮ ಉಪನಗರಗಳ ಮಳೆಗೆ ಸಾಂತಾಕ್ರೂಜ್ ವೀಕ್ಷಣಾಲಯದ ಅಳತೆಯೇ ಆಧಾರ. ಅಲ್ಲಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದ ಜೋಗೇಶ್ವರಿಗೂ ಅದೇ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಇಲ್ಲಿ ಸರಾಸರಿ 2,200 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಆದರೆ ಸರಾಸರಿಯಷ್ಟೇ ಮಳೆ ಬಿದ್ದ ವರ್ಷಗಳು ಅಪರೂಪ. ಒಂದು ವರ್ಷ ಓಶಿವಾರಾ ನದಿ ದಡ ಮೀರಿ ಹರಿದರೆ, ಇನ್ನೊಂದು ವರ್ಷ ಜುಲೈ ಬಂದರೂ ಜಲಾಶಯ ತುಂಬದೆ ಮಹಾನಗರಪಾಲಿಕೆ ನೀರಿನ ಕಡಿತ ಘೋಷಿಸುತ್ತದೆ. ಈ ಏರಿಳಿತಕ್ಕೆ ಕಾರಣ ಹುಡುಕುವ ಕೆಲಸ ಸುಮಾರು ಒಂದೂವರೆ ಶತಮಾನದಿಂದ ನಡೆದಿದೆ. ಆ ಹುಡುಕಾಟಕ್ಕೆ ಮುಂಬೈಯ ಕೊಲಾಬಾ ವೀಕ್ಷಣಾಲಯದ ಹಳೆಯ ದಾಖಲೆಗಳು ಒದಗಿವೆ, ಕನ್ನಡ ನಾಡಿನ ಬರಗಳು ಅದನ್ನು ಅನಿವಾರ್ಯ ಮಾಡಿವೆ, ಬೆಂಗಳೂರಿನ ವಿಜ್ಞಾನಿಗಳು ಅದನ್ನು ಮುಂದಕ್ಕೆ ಒಯ್ದಿದ್ದಾರೆ.

ಜೋಗೇಶ್ವರಿಯ ಪೂರ್ವಕ್ಕೆ ಗುಡ್ಡಗಳ ನಡುವೆ ವಿಹಾರ ಸರೋವರವಿದೆ. ಅದು ಮಳೆ ಕೈಕೊಟ್ಟ ಕಾಲದ ಕೂಸು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಬೊಂಬಾಯಿ ನಗರ ಬಾವಿ ಮತ್ತು ಕೆರೆಗಳ ನೀರನ್ನೇ ನಂಬಿತ್ತು. 1854ರಲ್ಲಿ ಅವು ಬತ್ತಿದಾಗ ದೋಣಿಗಳಲ್ಲಿ, ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ರೈಲಿನಲ್ಲಿ ನೀರು ತರಿಸಬೇಕಾಯಿತು. ಸರಕಾರದ ಮೇಜಿನ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ವಿಹಾರ ಯೋಜನೆಗೆ ಆಗ ಜೀವ ಬಂತು. ಎಂಜಿನಿಯರ್ ಹೆನ್ರಿ ಕಾನಿಬೇರ್ ಮಾಡಿದ ಯೋಜನೆಯಂತೆ 1856ರಲ್ಲಿ ಮಿಠೀ ನದಿಯ ಮೂಲದಲ್ಲಿ ಕಟ್ಟೆ ಕಟ್ಟುವ ಕೆಲಸ ಶುರುವಾಗಿ, 1860ರಲ್ಲಿ ಕೊಳವೆಯ ಮೂಲಕ ನಗರಕ್ಕೆ ನೀರು ಹರಿಯಿತು. ಒಂದು ವರ್ಷದ ಮಳೆಯನ್ನು ಮರುವರ್ಷಕ್ಕೆ ಕೂಡಿಡಬೇಕೆಂಬುದನ್ನು ಬೊಂಬಾಯಿ ಕಲಿತದ್ದು ಹೀಗೆ. ಮಳೆ ಯಾಕೆ ಕೈಕೊಡುತ್ತದೆ ಎಂಬ ಪ್ರಶ್ನೆಯನ್ನು ಸರಕಾರ ಗಂಭೀರವಾಗಿ ಕೇಳಲು ಇನ್ನೂ ಎರಡು ದಶಕ, ಅದಕ್ಕಿಂತ ಬಹಳ ದೊಡ್ಡ ದುರಂತ ಬೇಕಾಯಿತು.

ಕನ್ನಡ ನಾಡಿನ ನೆನಪಿನಲ್ಲಿ ಅದು ಧಾತು-ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. 1877ರ ಮುಂಗಾರು ದೇಶದ ದಾಖಲೆಯಲ್ಲೇ ಅತ್ಯಂತ ದುರ್ಬಲವಾದವುಗಳಲ್ಲಿ ಒಂದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷವಿತ್ತು, 1881ರಲ್ಲಿ 41.9 ಲಕ್ಷಕ್ಕೆ ಇಳಿದಿತ್ತು. ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಾದ ಧಾರವಾಡ, ಬೆಳಗಾವಿ ಮತ್ತು ಆಗ ಕಲಾದಗಿ ಎನಿಸಿಕೊಂಡಿದ್ದ ಇಂದಿನ ವಿಜಯಪುರ-ಬಾಗಲಕೋಟೆ ಭಾಗದ ಗತಿಯೂ ಬೇರೆಯಾಗಿರಲಿಲ್ಲ. ಜನ ಸತ್ತದ್ದು ಮಳೆ ಇಲ್ಲದ್ದರಿಂದ ಮಾತ್ರವಲ್ಲ. ಹಸಿದ ಊರುಗಳ ಕಾಳು ವ್ಯಾಪಾರದ ಹೆಸರಿನಲ್ಲಿ ಹೊರಗೆ ಹೋಗುತ್ತಿತ್ತು, ಗಂಜಿ ಕೇಂದ್ರಗಳಲ್ಲೂ ಪರಿಹಾರ ಕಾಮಗಾರಿಗಳಲ್ಲೂ ಸರಕಾರ ಕೈ ಬಿಗಿಹಿಡಿದಿತ್ತು. ಬರವನ್ನು ಆಕಾಶದ ತಪ್ಪೆಂದಷ್ಟೇ ಬರೆದಿಡುವುದು ಸತ್ತವರಿಗೆ ಮಾಡುವ ಎರಡನೆಯ ಅನ್ಯಾಯ. ಆದರೂ ಮಳೆ ಕೈಕೊಟ್ಟ ಕಾರಣವನ್ನು ಹುಡುಕಲೇಬೇಕಿತ್ತು.

ಆ ಹೊತ್ತಿಗೆ ಅಳತೆಗಳು ಸಿದ್ಧವಿದ್ದವು. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕಟ್ಟಿಸಿದ ಕೊಲಾಬಾ ವೀಕ್ಷಣಾಲಯದಲ್ಲಿ 1840ರ ದಶಕದಿಂದ ಗಾಳಿಯ ಒತ್ತಡ ಮತ್ತು ಮಳೆಯ ಪ್ರಮಾಣ ಕ್ರಮವಾಗಿ ದಾಖಲಾಗುತ್ತಿತ್ತು. ಉಷ್ಣವಲಯದಲ್ಲಿ ಅಷ್ಟು ದೀರ್ಘ ಕಾಲದ, ಅಷ್ಟು ನಂಬಬಹುದಾದ ಒತ್ತಡದ ದಾಖಲೆ ಇರುವ ಊರುಗಳು ಬೆರಳೆಣಿಕೆಯಷ್ಟು. ಪಶ್ಚಿಮ ಭಾರತದ ಹವಾಮಾನ ವರದಿಗಾರರಾಗಿದ್ದ ಫ್ರೆಡರಿಕ್ ಚೇಂಬರ್ಸ್ ಈ ದಾಖಲೆಯನ್ನು ಮಾರಿಷಸ್, ಬಟಾವಿಯಾ, ಸೇಂಟ್ ಹೆಲೆನಾ ಮೊದಲಾದ ದೂರದ ಊರುಗಳ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರು. ಬೊಂಬಾಯಿಯಲ್ಲಿ ಗಾಳಿಯ ಒತ್ತಡ ವಾಡಿಕೆಗಿಂತ ಹೆಚ್ಚಿದ್ದಾಗ ಇತರ ಉಷ್ಣವಲಯದ ಊರುಗಳಲ್ಲೂ ಸ್ವಲ್ಪ ಹಿಂದೆಮುಂದೆ ಹಾಗೆಯೇ ಇತ್ತು. ಅಂಥ ಕಾಲದ ಬೆನ್ನಿಗೇ ಬರಗಳು ಬಂದಿದ್ದವು. 1880ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದರು. ಸೂರ್ಯನ ಕಲೆಗಳಿಗೂ ಇದಕ್ಕೂ ಅವರು ಹಾಕಿದ ಗಂಟು ಮುಂದೆ ನಿಲ್ಲಲಿಲ್ಲ. ಬರ ಎಂಬುದು ಒಂದು ದೇಶದ ಆಕಾಶದಲ್ಲಷ್ಟೇ ಹುಟ್ಟುವುದಲ್ಲ, ಅದರ ಹಿಂದೆ ಸಾವಿರಾರು ಮೈಲಿ ಹರಡಿದ ವಾತಾವರಣದ ಚಲನೆಯಿದೆ ಎಂಬ ಅವರ ಗ್ರಹಿಕೆ ಮಾತ್ರ ನಿಂತಿತು. ಮುಂಬೈಯ ವಿಜ್ಞಾನ ಚರಿತ್ರೆಯಲ್ಲಿ ಈ ಕೆಲಸಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಕೂಡ 1877ರಲ್ಲಿ ಏಷ್ಯಾದಿಂದ ಆಸ್ಟ್ರೇಲಿಯಾದವರೆಗೆ ಒತ್ತಡ ಏರಿದ್ದನ್ನು ಗುರುತಿಸಿದರು. ಮುನ್ಸೂಚನೆಗೆ ಅವರು ಆರಿಸಿಕೊಂಡ ಗುರುತು ಹಿಮಾಲಯದ ಹಿಮ. ಚಳಿಗಾಲದಲ್ಲಿ ಹಿಮ ಹೆಚ್ಚು ಬಿದ್ದರೆ ಮುಂದಿನ ಮುಂಗಾರು ಸೊರಗುತ್ತದೆ ಎಂದು ಅವರು 1884ರಲ್ಲಿ ವಾದಿಸಿದರು. ಅದರ ಆಧಾರದ ಮೇಲೆ 1886ರಿಂದ ಋತುವಿನ ಮುನ್ಸೂಚನೆ ಹೊರಡತೊಡಗಿತು. ಅವರ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಹೇಳಿದರು. ಬಂದದ್ದು ಶತಮಾನದ ಕೊನೆಯ ಘೋರ ಬರ.

ಎಲಿಯಟ್ ಬಳಿಕ 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಹವಾಮಾನ ಓದಿದವರಲ್ಲ, ಕೇಂಬ್ರಿಜ್‌ನ ಗಣಿತಜ್ಞ. ಮುಂಗಾರಿನ ಸಿದ್ಧಾಂತವನ್ನು ಮೊದಲು ಕಟ್ಟಿ ಆಮೇಲೆ ಅಂಕಿ ಹುಡುಕುವ ದಾರಿಯನ್ನು ಅವರು ಹಿಡಿಯಲಿಲ್ಲ. ಶಿಮ್ಲಾದ ಕಚೇರಿಯಲ್ಲಿ ಭಾರತೀಯ ಗುಮಾಸ್ತರ ಪಡೆಯನ್ನು ಕೂರಿಸಿ, ಜಗತ್ತಿನ ಉದ್ದಗಲದ ಒತ್ತಡ, ಉಷ್ಣತೆ, ಮಳೆಯ ಅಂಕಿಗಳ ನಡುವೆ ಯಾವುದಕ್ಕೆ ಯಾವುದರ ಸಂಬಂಧವಿದೆ ಎಂದು ವರ್ಷಗಳ ಕಾಲ ಕೈಯಲ್ಲೇ ಲೆಕ್ಕ ಹಾಕಿಸಿದರು. ಹಿಮಾಲಯದ ಹಿಮದ ಜೊತೆಗೆ ಮಾರಿಷಸ್‌ನ ಒತ್ತಡ, ದಕ್ಷಿಣ ಅಮೆರಿಕದ ಒತ್ತಡ, ಜಾಂಜಿಬಾರ್‌ನ ಮಳೆಯೂ ಭಾರತದ ಮುಂಗಾರಿನ ಸೂತ್ರದೊಳಗೆ ಬಂದದ್ದು ಹೀಗೆ. ಈ ಲೆಕ್ಕಗಳಿಂದ ಎದ್ದುಬಂದ ಚಿತ್ರ ಒಂದು ಮಹಾ ತಕ್ಕಡಿಯದು: ಪೆಸಿಫಿಕ್ ಸಾಗರದ ಮೇಲೆ ಒತ್ತಡ ಏರಿದರೆ ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗಿನ ಹಿಂದೂ ಮಹಾಸಾಗರದ ಮೇಲೆ ಅದು ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಇಲ್ಲಿ ಏರಿದ ವರ್ಷ ಮುಂಗಾರಿಗೆ ಕೇಡು. ವಾಕರ್ ಇದನ್ನು 'ದಕ್ಷಿಣದ ಆಂದೋಲನ' ಎಂದು ಕರೆದು, 1924ರಲ್ಲಿ ನಿವೃತ್ತರಾದರು. ಈ ತೂಗಾಟ ಯಾಕೆ ನಡೆಯುತ್ತದೆ ಎಂದು ಹೇಳಲು ಅವರಿಗಾಗಲಿಲ್ಲ. ಸಮುದ್ರದೊಳಗಿನ ಅಳತೆಗಳೇ ಅವರ ಕೈಯಲ್ಲಿರಲಿಲ್ಲ. ಮುಂದೆ ಅದೇ ಇಲಾಖೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ನಾರ್ಮಂಡ್ 1953ರಲ್ಲಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು: ಬೇರೆಡೆಯ ಸ್ಥಿತಿಗಳನ್ನು ನೋಡಿ ಮುಂಗಾರನ್ನು ಊಹಿಸುವುದಕ್ಕಿಂತ, ಮುಂಗಾರನ್ನು ನೋಡಿ ಮುಂದೆ ಬೇರೆಡೆ ನಡೆಯುವುದನ್ನು ಊಹಿಸುವುದು ಸುಲಭ.

ತಕ್ಕಡಿಯನ್ನು ತೂಗುವ ಕೈ ಯಾವುದೆಂದು 1960ರ ದಶಕದಲ್ಲಿ ಗೊತ್ತಾಯಿತು. ಪೆಸಿಫಿಕ್ ಸಾಗರದಲ್ಲಿ ವಾಡಿಕೆಯ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಬೆಚ್ಚಗಿನ ನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳುತ್ತದೆ. ಅಲ್ಲಿ ಗಾಳಿ ಬಿಸಿಯಾಗಿ ಮೇಲೇರಿ, ಮೋಡಗಟ್ಟಿ, ಮಳೆ ಸುರಿಸಿ, ಎತ್ತರದಲ್ಲಿ ಪೂರ್ವಕ್ಕೆ ಮರಳಿ ಪೆರು ದೇಶದ ಕರಾವಳಿಯ ತಂಪು ಕಡಲ ಮೇಲೆ ಇಳಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಈ ಗಾಳಿ ಸಡಿಲಾಗುತ್ತದೆ. ಬೆಚ್ಚಗಿನ ನೀರು ಪೂರ್ವಕ್ಕೆ ಸರಿದು ಪೆಸಿಫಿಕ್‌ನ ನಡುವಿಗೂ ಪೆರುವಿನ ಕಡೆಗೂ ಹರಡುತ್ತದೆ. ಇದೇ ಎಲ್ ನಿನೋ. ಗಾಳಿ ಮೇಲೇರುವ ಜಾಗವೂ ನೀರಿನ ಜೊತೆಗೇ ಪೂರ್ವಕ್ಕೆ ಹೋಗುವುದರಿಂದ ಇಂಡೊನೇಷ್ಯಾ ಮತ್ತು ಭಾರತದ ಕಡೆಗೆ ಗಾಳಿ ಕೆಳಗಿಳಿಯತೊಡಗುತ್ತದೆ, ಮೋಡ ಬೆಳೆಯಲು ಬಿಡುವುದಿಲ್ಲ. ಗಾಳಿ ವಾಡಿಕೆಗಿಂತ ಬಲವಾಗಿ ಬೀಸಿದರೆ ನಡೆಯುವುದು ಇದರ ತಿರುವುಮುರುವು. ಅದು ಲಾ ನಿನಾ. ಕಡಲಿನ ಬಿಸಿ ಮತ್ತು ಗಾಳಿಯ ಒತ್ತಡ ಒಂದನ್ನೊಂದು ಹಿಡಿದು ನಡೆಸುತ್ತವೆ ಎಂದು ತೋರಿಸಿಕೊಟ್ಟವರು ನಾರ್ವೆ ಮೂಲದ ಜೇಕಬ್ ಬ್ಯೆರ್ಕ್‌ನೆಸ್. 1969ರಲ್ಲಿ ಅವರು ಆ ಗಾಳಿಯ ಸುತ್ತಾಟಕ್ಕೆ ವಾಕರ್ ಹೆಸರನ್ನೇ ಇಟ್ಟರು. 1877ರ ಬರದ ಹಿಂದೆ ದಾಖಲೆಯ ಎಲ್ ನಿನೋಗಳಲ್ಲೇ ಅತಿ ಬಲವಾದದ್ದೊಂದು ಇತ್ತು ಎಂಬುದು ಹೀಗೆ ಒಂದು ಶತಮಾನದ ಬಳಿಕ ಸ್ಪಷ್ಟವಾಯಿತು. ಹಳೆಯ ಎಲ್ ನಿನೋಗಳ ಜಾಡು ಹಿಡಿಯುವ ಕೆಲಸದಲ್ಲಿ ಕೊಲಾಬಾದ ಒತ್ತಡದ ದಾಖಲೆ ಇಂದಿಗೂ ಬಳಕೆಯಲ್ಲಿದೆ.

ನಂತರದ ಬರಗಳು ಈ ವಿವರಣೆಗೆ ಬಲ ಕೊಟ್ಟವು. 1972ರಲ್ಲಿ ಎಲ್ ನಿನೋ, ದೇಶದ ಮುಂಗಾರು ಸರಾಸರಿಯ ಮುಕ್ಕಾಲು ಪಾಲಷ್ಟೇ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಬಯಲುಸೀಮೆ ಬೆಂದುಹೋಯಿತು. 1982 ಮತ್ತು 1987ರಲ್ಲೂ ಎಲ್ ನಿನೋ ಬಂತು, ಮಳೆ ಇಳಿಯಿತು. ವಿಜ್ಞಾನಿ ವಸಂತ ಗೋವಾರೀಕರ್ ನೇತೃತ್ವದಲ್ಲಿ ಹದಿನಾರು ಅಂಶಗಳ ಸೂತ್ರವೊಂದು 1988ರಿಂದ ಮುನ್ಸೂಚನೆಗೆ ಬಳಕೆಯಾಯಿತು. ಸುಮಾರು ಒಂದು ದಶಕ ಅದು ಮರ್ಯಾದೆ ಉಳಿಸಿಕೊಂಡಿತು. ಆಮೇಲೆ ಎರಡು ವರ್ಷಗಳು ಲೆಕ್ಕವನ್ನು ತಲೆಕೆಳಗು ಮಾಡಿದವು. 1997ರ ಎಲ್ ನಿನೋ ಅದುವರೆಗಿನ ಶತಮಾನದಲ್ಲೇ ಬಲಿಷ್ಠ. ಬರದ ಭಯ ಎಲ್ಲೆಡೆ ಹಬ್ಬಿತ್ತು. ಮಳೆ ಮಾತ್ರ ಸರಾಸರಿಯ ಶೇ 102ರಷ್ಟು ಆಯಿತು. 2002ರಲ್ಲಿ ಎಲ್ ನಿನೋ ಸಾಧಾರಣ ಬಲದ್ದು, ಮುನ್ಸೂಚನೆ ಶೇ 101. ಆ ವರ್ಷದ ಜುಲೈಯಲ್ಲಿ ದೇಶದ ಮಳೆ ವಾಡಿಕೆಯ ಅರ್ಧಕ್ಕೆ ಕುಸಿದು, ಋತು ಶೇ 81ರಲ್ಲಿ ಮುಗಿಯಿತು.

ಪೆಸಿಫಿಕ್ ಒಂದನ್ನೇ ನೋಡಿದರೆ ಸಾಲದು, ಹತ್ತಿರದ ಕಡಲನ್ನೂ ನೋಡಬೇಕು ಎಂಬುದು ಇದರ ಪಾಠ. ಅದಕ್ಕೆ ಬೇಕಾದ ಸುಳಿವು 1999ರಲ್ಲೇ ಸಿಕ್ಕಿತ್ತು. ಎನ್. ಎಚ್. ಸಾಜಿ, ಬಿ. ಎನ್. ಗೋಸ್ವಾಮಿ, ಪಿ. ಎನ್. ವಿನಯಚಂದ್ರನ್ ಮತ್ತು ಜಪಾನಿನ ತೋಶಿಯೊ ಯಮಗಾಟ ಸೇರಿ ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ತೂಗಾಟವಿದೆ ಎಂದು ತೋರಿಸಿದರು. ಕೆಲವು ವರ್ಷ ಆಫ್ರಿಕಾದ ಕಡೆಯ ಸಾಗರ ಬಿಸಿಯಾಗಿ ಸುಮಾತ್ರಾದ ಕಡೆ ತಂಪಾಗುತ್ತದೆ. ಈ ಸ್ಥಿತಿ ಭಾರತದ ಮಳೆಗೆ ಸಾಮಾನ್ಯವಾಗಿ ಒಳ್ಳೆಯದು. ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಅದಕ್ಕೆ ಹೆಸರಾಯಿತು. ದೇಶದ ಮಳೆ ದಾಖಲೆಯ ಎತ್ತರಕ್ಕೆ ಏರಿದ, ಪುಣೆಯ ಪಾನಶೇತ್ ಅಣೆಕಟ್ಟು ಒಡೆದ 1961 ಅಂಥ ವರ್ಷ. 1994 ಇನ್ನೊಂದು. 1997ರಲ್ಲಿ ಎಲ್ ನಿನೋದ ಹೊಡೆತವನ್ನು ತಡೆದ ಕಾರಣಗಳಲ್ಲಿ ಇದೂ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಸಾಗರದ ಬಿಸಿಗಿಂತಲೂ ಅದರ ಮೇಲೆ, ಸಮಭಾಜಕದ ಗುಂಟ ಮೋಡಗಳು ಪಶ್ಚಿಮದಲ್ಲಿ ದಟ್ಟವಾಗಿವೆಯೋ ಪೂರ್ವದಲ್ಲೋ ಎಂಬುದು ಮುಂಗಾರಿಗೆ ಮುಖ್ಯ ಎಂಬುದು ಅವರ ವಾದ. ಪೆಸಿಫಿಕ್ ಮತ್ತು ಈ ಮೋಡಗಳ ತೂಗಾಟ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅತಿವೃಷ್ಟಿ ಮತ್ತು ಬರದ ವರ್ಷಗಳು ಬಹುಮಟ್ಟಿಗೆ ಬೇರೆಬೇರೆಯಾಗಿ ಕಾಣುತ್ತವೆ. ಪಾವಗಡದ ಶೇಂಗಾ ಬೆಳೆಗಾರರ ಜೊತೆಗೂಡಿ ಬಿತ್ತನೆಯ ಕಾಲ ಮತ್ತು ಮಳೆಯ ಏರಿಳಿತವನ್ನು ಅಧ್ಯಯನ ಮಾಡಿದವರೂ ಇದೇ ಗಾಡ್ಗೀಳ್. ಋತುವಿನ ಮಳೆ ಯಾರ ಬದುಕನ್ನು ತೂಗುತ್ತದೆ ಎಂಬುದು ಅವರ ವಿಜ್ಞಾನದಿಂದ ಎಂದೂ ಮರೆಯಾಗಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಜೋಗೇಶ್ವರಿಯ ಅತಿ ದೊಡ್ಡ ಮಳೆ ಈ ಯಾವ ಲೆಕ್ಕಕ್ಕೂ ಸಿಗದೆ ಬಂತು. 2005ರಲ್ಲಿ ಎಲ್ ನಿನೋ ಇರಲಿಲ್ಲ, ಬಲವಾದ ಲಾ ನಿನಾವೂ ಇರಲಿಲ್ಲ, ಹಿಂದೂ ಮಹಾಸಾಗರದ ತೂಗಾಟವೂ ಮಳೆಯ ಪರವಾಗಿರಲಿಲ್ಲ. ದೇಶದ ಮುಂಗಾರು ಸರಾಸರಿಯ ಆಸುಪಾಸಿನಲ್ಲೇ ಮುಗಿಯಿತು. ಪುಷ್ಯ ಮಳೆಯ ದಿನಗಳು ನಡೆಯುತ್ತಿದ್ದ ಜುಲೈ 26ರ ಮಂಗಳವಾರ ಮಧ್ಯಾಹ್ನ ಉಪನಗರಗಳ ಮೇಲೆ ಮೋಡ ಕವಿದು ನಿಂತಿತು. ಎರಡೂವರೆಯಿಂದ ಮೂರೂವರೆಯವರೆಗಿನ ಒಂದೇ ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ 190 ಮಿ.ಮೀ. ಬಿತ್ತು. ಮರುದಿನ ಬೆಳಿಗ್ಗೆ ಎಂಟೂವರೆಗೆ ಲೆಕ್ಕ ಹಾಕಿದಾಗ ಇಪ್ಪತ್ನಾಲ್ಕು ಗಂಟೆಯ ಮಳೆ 944.2 ಮಿ.ಮೀ.! ಋತುವಿಡೀ ಬೀಳಬೇಕಾದ ಮಳೆಯಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಒಂದೇ ದಿನದಲ್ಲಿ ಸುರಿದಿತ್ತು. ನೀರಿಲ್ಲದ ಕಾಲಕ್ಕೆಂದು ಕಟ್ಟಿದ ವಿಹಾರ ಸರೋವರದ ಬಳಿ ಅದು ಸಾವಿರ ಮಿ.ಮೀ. ಮೀರಿತು. ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಮಾತ್ರ ಬರೀ 73.4 ಮಿ.ಮೀ.

ಆ ಮಧ್ಯಾಹ್ನ ಕಡಲಿನಲ್ಲಿ ಭರತವಿತ್ತು. ನಗರದ ಹಳೆಯ ಚರಂಡಿಗಳಿಗೆ ಗಂಟೆಗೆ 25 ಮಿ.ಮೀ. ಮಳೆಯನ್ನಷ್ಟೇ ಸಾಗಿಸುವ ಶಕ್ತಿ. ಅವುಗಳನ್ನು ಹಿರಿದು ಮಾಡಬೇಕೆಂದು 1993ರಲ್ಲೇ ವರದಿ ಸಿದ್ಧವಾಗಿತ್ತು. ಕೆಲಸ ಬಹುಪಾಲು ಕಾಗದದ ಮೇಲೆಯೇ ಉಳಿದಿತ್ತು. ಮಿಠೀ ನದಿಯ ಪಾತ್ರವನ್ನು ಕಟ್ಟಡಗಳು, ರಸ್ತೆಗಳು, ವಿಮಾನ ನಿಲ್ದಾಣ ಕಿರಿದು ಮಾಡಿದ್ದವು. ಲೋಕಲ್ ರೈಲುಗಳು ನಿಂತವು. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಲಕ್ಷಾಂತರ ಜನ ಸೊಂಟದವರೆಗಿನ ನೀರಿನಲ್ಲಿ ರಾತ್ರಿಯಿಡೀ ನಡೆದು ಅಂಧೇರಿ, ಜೋಗೇಶ್ವರಿ, ಗೋರೆಗಾಂವ್ ದಾಟಿ ಮನೆ ಸೇರಿದರು. ಸಾಕಿನಾಕಾದಲ್ಲಿ ಗುಡ್ಡ ಕುಸಿಯಿತು. ಮುಂಬೈಯಲ್ಲಿ ಸತ್ತವರು ನಾನೂರಕ್ಕೂ ಹೆಚ್ಚು, ಮಹಾರಾಷ್ಟ್ರದಾದ್ಯಂತ ಸಾವಿರದಷ್ಟು. ಹೋಟೆಲ್‌ಗಳಲ್ಲಿ ದುಡಿಯುವ ಕರಾವಳಿಯ ತುಳು-ಕನ್ನಡಿಗರು, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದ ಕಡೆಯವರು ಈ ನಗರದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ತುಳುನಾಡಿನ ಆಟಿ ತಿಂಗಳ ಮಳೆಯನ್ನು ನೋಡುತ್ತಲೇ ಬೆಳೆದವರಿಗೂ ಅಂಥದ್ದೊಂದು ದಿನದ ಅನುಭವ ಇರಲಿಲ್ಲ.

ಕಾರಣಗಳು ಹತ್ತಿರದವು. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತ ಮಧ್ಯ ಭಾರತದ ಮೇಲಿದ್ದು ಅರಬ್ಬೀ ಸಮುದ್ರದ ತೇವವನ್ನು ಸೆಳೆಯುತ್ತಿತ್ತು. ಪಶ್ಚಿಮ ಕರಾವಳಿಯ ಗುಂಟ ಕಡಿಮೆ ಒತ್ತಡದ ಪಟ್ಟಿ ಚುರುಕಾಗಿತ್ತು, ನಡು ಎತ್ತರದಲ್ಲಿ ಗಾಳಿಯ ಸುಳಿಯಿತ್ತು. ಇವೆಲ್ಲ ಕೂಡಿದ ಕಡೆ ಮೋಡದ ಗೋಪುರಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದವು. ಇಪ್ಪತ್ತೈದು ಕಿಲೋಮೀಟರಿನೊಳಗೆ ಹನ್ನೆರಡು ಪಟ್ಟಿಗೂ ಹೆಚ್ಚು ವ್ಯತ್ಯಾಸ ತೋರಿದ ಮಳೆಯನ್ನು ಅಂದಿನ ಮುನ್ಸೂಚನೆಯ ಯಾವ ಗಣಕ ಮಾದರಿಯೂ ಸರಿಯಾಗಿ ಹಿಡಿಯಲಿಲ್ಲ. ವರ್ಷದ ಒಟ್ಟು ಮಳೆಯನ್ನು ಮೇಲೆಕೆಳಗೆ ಮಾಡುವುದು ದೂರದ ಸಾಗರಗಳು. ಒಂದು ದಿನ, ಒಂದು ಬಡಾವಣೆಯ ಮೇಲೆ ಎಷ್ಟು ಸುರಿಯಬೇಕೆಂದು ಗೊತ್ತುಮಾಡುವುದು ಹತ್ತಿರದ ಕಡಲು, ಗಾಳಿ ಮತ್ತು ಗುಡ್ಡ. ಈ ಎರಡನ್ನು ಒಂದೇ ಎಂದುಕೊಂಡಾಗಲೆಲ್ಲ ನಗರ ಪೆಟ್ಟು ತಿಂದಿದೆ. ಇದರ ಮೇಲೆ ಅರಬ್ಬೀ ಸಮುದ್ರವೂ ಬಿಸಿಯೇರುತ್ತಿದೆ. ಮಧ್ಯ ಭಾರತದ ವಿಶಾಲ ಪ್ರದೇಶವನ್ನು ಒಮ್ಮೆಗೇ ಆವರಿಸುವ ಅತಿ ಭಾರೀ ಮಳೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಲೆಕ್ಕ ಕೊಟ್ಟರು. ಬಿಸಿಯೇರಿದ ಅರಬ್ಬೀ ಸಮುದ್ರದ ಮೇಲಿನ ಗಾಳಿಯ ತೇವವೇ ಅದಕ್ಕೆ ಇಂಧನ.

ಎರಡೂ ಬಗೆಯ ಕಾರಣಗಳು ಕೂಡಿಬಂದ ವರ್ಷ 2019. ಮುಂಗಾರು ತಡವಾಗಿ, ಜೂನ್ ಕೊನೆಗೆ ಮುಂಬೈ ತಲುಪಿತು. ಜುಲೈ 2ರ ಬೆಳಿಗ್ಗೆಗೆ ಮುಗಿದ ಇಪ್ಪತ್ನಾಲ್ಕು ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ 375.2 ಮಿ.ಮೀ. ಬಿದ್ದು, ಮಾಲಾಡ್‌ನಲ್ಲಿ ಗೋಡೆ ಕುಸಿದು ಗುಡಿಸಲುಗಳಲ್ಲಿ ಮಲಗಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಹಿಂದೂ ಮಹಾಸಾಗರದ ದ್ವಿಧ್ರುವ ದಾಖಲೆಯ ಬಲಕ್ಕೆ ಏರಿತು. ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗು, ಕೊಲ್ಹಾಪುರ, ಸಾಂಗಲಿ ಮುಳುಗಿದವು. ಸೆಪ್ಟೆಂಬರ್ ಒಂದರಲ್ಲೇ ಸಾಂತಾಕ್ರೂಜ್‌ನ ಮಳೆ ಸಾವಿರ ಮಿ.ಮೀ. ದಾಟಿತು, ಋತುವಿನ ಮೊತ್ತ 3,600ಕ್ಕೂ ಮೇಲೆ. 2023ರ ಕಥೆ ಬೇರೆ. ಎಲ್ ನಿನೋ ಬೆಳೆಯುತ್ತಿದ್ದ ಆ ವರ್ಷದ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಆದರೆ ಆ ಒಣ ಆಗಸ್ಟ್‌ಗೆ ಹಿಂದಿನ ತಿಂಗಳು, ಜುಲೈಯಲ್ಲೇ ಸಾಂತಾಕ್ರೂಜ್ 1,700 ಮಿ.ಮೀ.ಗೂ ಹೆಚ್ಚು ಮಳೆ ಕಂಡು ಜುಲೈ ತಿಂಗಳ ದಾಖಲೆ ಮುರಿದಿತ್ತು. ಎಲ್ ನಿನೋ ವರ್ಷವೆಂದರೆ ಮುಂಬೈಗೆ ಪ್ರವಾಹದ ಭಯವಿಲ್ಲ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಸಹ್ಯಾದ್ರಿಯ ಆಚೆಯ ಬಯಲು ಪೆಸಿಫಿಕ್‌ನ ಮುನಿಸಿಗೆ ಬೇಗ ಒಣಗುತ್ತದೆ. ಘಟ್ಟದ ಕೆಳಗಿನ ಕೊಂಕಣಕ್ಕೆ ಕಡಲ ಗಾಳಿ ಹೇಗೂ ಮಳೆ ತರುತ್ತದೆ. ಅಲ್ಲಿ ಮೊತ್ತದ ಜೊತೆಗೆ ಆ ಮಳೆ ಬೀಳುವ ದಿನಗಳ ಹಂಚಿಕೆಯೂ ಬದಲಾಗುತ್ತದೆ.

ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಹೊರಡಿಸುವ ಋತುವಿನ ಮುನ್ಸೂಚನೆ ಬಿತ್ತನೆಗೆ, ಅಣೆಕಟ್ಟುಗಳ ನೀರಿನ ಲೆಕ್ಕಕ್ಕೆ, ಬರ ಪರಿಹಾರದ ಸಿದ್ಧತೆಗೆ ಬೇಕಾದದ್ದು. 2009ರ ಜುಲೈಯಲ್ಲಿ ಆದಂತೆ ಜಲಾಶಯಗಳು ಬರಿದಾಗಿ ನಗರಕ್ಕೆ ನೀರು ಕಡಿತವಾಗುವ ವರ್ಷಗಳಲ್ಲಿ ಅದಕ್ಕೆ ಬೆಲೆಯಿದೆ. ಓಶಿವಾರಾ ಮತ್ತು ಮಿಠೀ ದಂಡೆಯ ತಗ್ಗಿನ ಮನೆಗಳಿಗೂ ಗುಡ್ಡದ ಬುಡದ ಚಾಳುಗಳಿಗೂ ಬೇಕಾದದ್ದು ಕೆಲವೇ ಗಂಟೆ ಮುಂಚಿನ ಎಚ್ಚರಿಕೆ. 2005ರಲ್ಲಿ ಮುಂಬೈಯಲ್ಲಿ ಡಾಪ್ಲರ್ ರಾಡಾರ್ ಇರಲಿಲ್ಲ. ಕೊಲಾಬಾದಲ್ಲಿ ಮೊದಲನೆಯದು ಬಂದ ಬಳಿಕ, ಎರಡನೆಯದು 2022ರ ಜನವರಿಯಲ್ಲಿ ಜೋಗೇಶ್ವರಿ-ಅಂಧೇರಿ ಭಾಗದ ವೆರಾವಳಿಯಲ್ಲಿ ಕೆಲಸ ಆರಂಭಿಸಿತು. ಮೋಡ ಎಲ್ಲಿ ಕಟ್ಟುತ್ತಿದೆ, ಎತ್ತ ಸಾಗುತ್ತಿದೆ ಎಂಬುದು ಈಗ ಪರದೆಯ ಮೇಲೆ ಕಾಣುತ್ತದೆ. ಆ ಮಾಹಿತಿ ಮೂರು ಗಂಟೆ ಮೊದಲೇ ಚಾಳಿನ ಬಾಗಿಲಿಗೆ ತಲುಪುವಂತೆ ಮಾಡುವುದು, ಮಳೆಗಾಲಕ್ಕೆ ಮುನ್ನ ನಾಲೆಗಳ ಹೂಳೆತ್ತಿ ನದಿಗೆ ಅದರ ಜಾಗವನ್ನು ಬಿಟ್ಟುಕೊಡುವುದು ನಗರದ ಆಡಳಿತದ ಕರ್ತವ್ಯ. ವಿಜ್ಞಾನದ ಕಡೆಯಿಂದ ಅದಕ್ಕೆ ಈಗ ಯಾವ ಅಡ್ಡಿಯೂ ಇಲ್ಲ.